ಅಣ್ಣನ ಕೊನೆಯ ಮಾತು

“‘ಅಮ್ಮನ್ನ ಚೆನ್ನಾಗಿ ನೋಡ್ಕೋ’ ಅಂತ ಹೇಳಿ, ನನ್ನ ಕೈ ಹಿಡ್ಕೊಂಡೇ ಅಣ್ಣ ಪ್ರಾಣ ಬಿಟ್ಟ, ಮಹಾಜನರೇ!” ಎಂದು ಯುಕ್ತೆಮಾನ್ ಅಂಗಳದಲ್ಲಿ ನಿಂತು ಬಿಕ್ಕಿದ. “ಅಷ್ಟು ಬೇಗ ಅಳಬೇಡವೋ, ಮೊದ್ಲು ಗಂಟಲು ಕಟ್ಟಲಿ,” ಎಂದ ಹೆಗೆಸಾಂದ್ರ. ಅಥೆನ್ಸಿನಲ್ಲಿ ಆಪಾದಿತ ತನ್ನ ಪರವಾಗಿ ತಾನೇ ಮಾತಾಡಬೇಕು. ಆ ಮಾತನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸುವುದು ಹೆಗೆಸಾಂದ್ರನ ಕಸುಬು. ಯುಕ್ತೆಮಾನ್ ಕಲ್ಲುಗಣಿಯಲ್ಲಿ ಅಣ್ಣನನ್ನು ತಳ್ಳಿ ಕೊಂದನೆಂಬ ಆರೋಪದ ವಿಚಾರಣೆ ನಾಳೆಯೇ ಇತ್ತು.

ತಾಯಿ ಮೆಲಿತ್ತಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಊರೆಲ್ಲ ಆಡಿಕೊಂಡರೂ ಅವಳು ಈ ಮಗನನ್ನು ಬಿಟ್ಟುಕೊಟ್ಟಿರಲಿಲ್ಲ. ಆದರೆ ದೊಡ್ಡ ಮಗ ಸತ್ತ ಈ ಎರಡು ತಿಂಗಳಲ್ಲಿ ಒಮ್ಮೆಯೂ ಅವನು ಈ ಮಾತನ್ನು ತನಗೇಕೆ ಹೇಳಲಿಲ್ಲ? ಅವಳು ಹತ್ತಿರ ಬಂದು ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು.

“ಯಾವ ಕೈ ಮಗಾ? ಅವನು ಹಿಡ್ಕೊಂಡಿದ್ದು ಯಾವ ಕೈನ? ಒಂದ್ಸಲ ಕಣ್ಣಿಗೊತ್ಕೊಳ್ತೀನಿ.”

ಯುಕ್ತೆಮಾನನ ಅಳು ನಿಂತಿತು. ಅವನು ತಿರುಗಿ ಹೆಗೆಸಾಂದ್ರನ ಮುಖ ನೋಡಿದ. “ಬಲಗೈ ಅಂತಿರಲಿ,” ಎಂದ ಹೆಗೆಸಾಂದ್ರ, ಮೇಣದ ಹಲಗೆಯ ಮೇಲೆ ಗೀಚಿಕೊಳ್ಳುತ್ತ. “ಒಳ್ಳೇದೇ ಕೇಳಿದೆ ಕಣಮ್ಮ. ನಾಳೆ ಅಲ್ಲೂ ಯಾರಾದ್ರೂ ಕೇಳಬಹುದು.” ಮೆಲಿತ್ತಾ ಮಗನ ಎರಡೂ ಕೈಗಳನ್ನು ಬಿಟ್ಟಳು.