ಒಂದು ಗೋಲು, ಒಂದು ಹಲ್ಲು

ಮಗಳು ರಕ್ತದ ಜೊತೆ ಮುಂದಿನ ಹಲ್ಲನ್ನೂ ಅಪ್ಪನ ಅಂಗೈಗೆ ಉಗಿದು, "ಇನ್ನೊಂದೇ ಗೋಲಪ್ಪಾ, ಹೊಡ್ದು ಬರ್ತೀನಿ" ಎಂದು ಶಾಲೆಯ ಮೈದಾನಕ್ಕೆ ಮತ್ತೆ ಓಡಿದಳು. ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಅಯ್ಯೋ, ಅವಳನ್ನ ಕರೀರಿ!" ಎಂದಳು ತಾಯಿ.

"ಹಾಲುಹಲ್ಲು ಕಣೇ, ಹೇಗೂ ಬೀಳೋದೇ. ಫೈನಲ್ ಮುಗೀಲಿ," ಎಂದ ದಂತವೈದ್ಯ ಗಂಡ. ಊರವರ ಹಲ್ಲೆಲ್ಲ ಎಣಿಸಿದವನ ಮಾತಿಗೆ ಎದುರುಂಟೇ?

ಅವನು ಅತ್ತಿತ್ತ ನೋಡಿ, ಆ ಹಲ್ಲನ್ನು ಮೆಲ್ಲಗೆ ತನ್ನ ಬಾಯಿಗೆ ಹಾಕಿಕೊಂಡು ಕೆನ್ನೆಯೊಳಗೆ ಒತ್ತರಿಸಿದ. ತಾಯಿ ಅದನ್ನು ಕಂಡುಬಿಟ್ಟಳು. ಹಾಲುಹಲ್ಲಾದರೆ ಬಿಸಾಡುತ್ತಾರೆ, ಮತ್ತೆ ಕೂರಿಸಬೇಕಾದ ಹಲ್ಲನ್ನಷ್ಟೇ ಹೀಗೆ ಎಂಜಲಲ್ಲಿ ಹಸಿಯಾಗಿಡುತ್ತಾರೆಂದು ಅವನದೇ ದವಾಖಾನೆಯಲ್ಲಿ ಚೀಟಿ ಬರೆಯುವ ಅವಳಿಗೆ ಗೊತ್ತಿಲ್ಲವೇ?

"ಬಿಡಬೇಡ, ಬಂಗಾರೀ!" ಎಂದು ಅವನು ಕೂಗಿದಾಗ ತುಟಿಯಂಚಿನಲ್ಲಿ ಮಗಳ ರಕ್ತ ಒಸರಿತು. ತಾಯಿ ಸುಣ್ಣದ ಗೆರೆ ದಾಟಿ ಆಟದ ನಡುವೆಯೇ ನುಗ್ಗಿದಳು.