ತೊಟ್ಟು ಬಿಟ್ಟು ಅಳೆದದ್ದು

ಪಾರವ್ವ ಸೌತೆ ಎಲೆಯ ಕೆಳಗೆ ಅಂಗೈ ಕೊಟ್ಟು, ಮೇಲೆ ಅಳತೆಪಟ್ಟಿ ಇಟ್ಟು ಉದ್ದ ನೋಡಿದಳು, ಆಮೇಲೆ ಅಗಲ. ಎಲೆ ಕೀಳುವಂತಿರಲಿಲ್ಲ. ಹೊರಗಿನ ಗಾಳಿ ಕೆಟ್ಟ ಮೇಲೆ ಗಾಜಿನ ಮನೆಯ ನಲವತ್ತು ಜನ ಈ ಎಲೆಗಳು ಕೊಡುವ ಉಸಿರಿನಿಂದಲೇ ಬದುಕಿದ್ದರು. ಎಲೆಯ ಅಳತೆ ಹೆಚ್ಚಿದರೆ ಮಾತ್ರ ಹೊರಗಿನಿಂದ ಇನ್ನೊಬ್ಬರಿಗೆ ಜಾಗ. ಸರದಿ ಅವಳ ತಂಗಿ ಗಂಗವ್ವನದು.

"ಇಷ್ಟು ಮೆತ್ತಗ ನನ್ನ ಹೆಂಡತಿನೂ ನನ್ನ ಕೈ ಹಿಡದಿಲ್ಲ ಬಿಡು ಯಕ್ಕಾ," ಎಂದ ಅಳತೆ ಬರೆದುಕೊಳ್ಳುತ್ತಿದ್ದ ಫಕೀರಪ್ಪ. ಕೊನೆಯ ಎಲೆ ಮುಗಿದು, ಕೂಡಿಸಿ ನೋಡಿದಾಗ ಅವನ ಮುಖ ಸಣ್ಣದಾಯಿತು. "ಸ್ವಲ್ಪದರಾಗ ತಪ್ಪೇತಿ. ತೊಟ್ಟೂ ಹಿಡದು ಅಳದ್ರ ತಂಗಿ ಒಳಗ ಬರ್ತಾಳ. ಯಾರು ನೋಡ್ತಾರ?"

"ತೊಟ್ಟು ಉಸಿರು ಕೊಡೂದಿಲ್ಲೋ ತಮ್ಮಾ. ಹೋದ ವರ್ಷ ಹಂಗ ಅಳದು ಒಬ್ಬರನ್ನ ಒಳಗ ತಗೊಂಡು, ನಸುಕಿನ್ಯಾಗ ಕೂಸುಗಳು ಬಾಯಿ ಬಾಯಿ ಬಿಟ್ಟಿದ್ದು ನೋಡೀವಲ್ಲ."

ಅವನು ಬಂದಷ್ಟೇ ಅಳತೆಯನ್ನು ಬರೆದು ಮುಗಿಸಿದ.

ಇಲ್ಲಿ ಜಾಗವಿಲ್ಲ, ಇನ್ನು ಕಾಯಬೇಡ, ಕಾಲಲ್ಲಿ ಶಕ್ತಿ ಇರುವಾಗಲೇ ಗಾಳಿ ಇನ್ನೂ ಸ್ವಲ್ಪ ತಿಳಿಯಾಗಿರುವ ದೂರದ ಗುಡ್ಡದ ಕಡೆ ಹೋಗು ಎಂದು ತಂಗಿಗೆ ಬರೆದ ಕಾಗದ ಎರಡು ವರ್ಷದಿಂದ ಪಾರವ್ವನ ಬಳಿಯೇ ಇತ್ತು. ಮುಂದಿನ ಅಳತೆಗೆ ಜಾಗ ಆದೀತು ಎಂದು ಪ್ರತಿ ಸಲವೂ ತಡೆದಿದ್ದಳು. ಈಗ ಅದನ್ನು ಟಪಾಲು ಕಿಂಡಿಗೆ ಹಾಕಿ, ಅದು ಹೊರಗೆ ಬಿದ್ದ ಸದ್ದು ಕೇಳುವ ತನಕ ಅಲ್ಲೇ ನಿಂತಳು.