ಬಾಗಿಲು ಮೊದಲು ಯಾರನ್ನು ಕೇಳಬೇಕು

ಬೆಳಿಗ್ಗೆ ಊರಿನವರೆಲ್ಲ ಒಂದೇ ಹೊತ್ತಿಗೆ ತಂತಮ್ಮ ಮನೆಯ ಬಾಗಿಲ ಮುಂದೆ ನಿಂತು ಹೋಗಬೇಕಾದ ಜಾಗದ ಹೆಸರು ಹೇಳುತ್ತಿದ್ದರು. ಆ ಹೆಸರಿನ ಜಾಗ ಈಗ ಎಲ್ಲಿದೆಯೆಂದು ಪ್ರತಿ ಬಾಗಿಲೂ ಊರಿನ ಯಂತ್ರವನ್ನು ಕೇಳಿ, ಉತ್ತರ ಬಂದ ಮೇಲೇ ನೇರವಾಗಿ ಆ ಜಾಗಕ್ಕೆ ತೆರೆದುಕೊಳ್ಳುತ್ತಿತ್ತು. ಕಾದು ಕಾದು ಬೇಸತ್ತ ವನಮಾಲಾ ನಿನ್ನೆ ತನ್ನ ಬಾಗಿಲಿನ ಕ್ರಮ ಬದಲಿಸಿದ್ದಳು. ಮೊದಲು ಮನೆಯ ನೆನಪು, ಅಂದರೆ ಬಾಗಿಲಿನಲ್ಲೇ ಎಂದೋ ಬರೆದಿಟ್ಟ ಜಾಗಗಳ ಪಟ್ಟಿ. ಅಲ್ಲಿ ಸಿಗದಿದ್ದರೆ ಮಾತ್ರ ಊರಿನ ಯಂತ್ರ.

"ಶಾಲೆ" ಎಂದಳು ಮಗಳು ಇಂಚರ. ಬಾಗಿಲು ತಕ್ಷಣ ತೆರೆಯಿತು. "ಅಮ್ಮಾ, ಇವತ್ತು ನಾನೇ ಫಸ್ಟು!" ಎನ್ನುತ್ತ ಓಡಿಹೋದಳು. ಹಿಂದೆಯೇ ಬಾಗಿಲು ಮುಚ್ಚಿಕೊಂಡಿತು.

ದೋಸೆ ಹೊಯ್ಯುತ್ತಿದ್ದಾಗ ಟೀಚರ್ ಫೋನ್ ಮಾಡಿದರು. "ಇಂಚರಂಗೆ ಹುಷಾರಿಲ್ವಾ?"

"ಆಗ್ಲೇ ಹೊರಟಳಲ್ಲ ಮೇಡಂ!"

"ಇಲ್ಲಿಗೆ ಬಂದಿಲ್ಲ. ಹೋದ ತಿಂಗಳೇ ಶಾಲೆ ಹೊಸ ಜಾಗಕ್ಕೆ ಬಂತಲ್ಲ, ನಿಮ್ಮ ಬಾಗಿಲು ಯಾರನ್ನ ಕೇಳ್ತಿದೆ?"

ವನಮಾಲಾ ಬಾಗಿಲಿನ ಕಡೆ ತಿರುಗಿದಳು. ಮನೆಯ ನೆನಪಿನಲ್ಲಿದ್ದದ್ದು ಹಳೆಯ ಜಾಗ. "ಅಲ್ಲಿ ಈಗ ಯಾರಿದ್ದಾರೆ ಮೇಡಂ?"

"ಮೊದಲು ಬಾಗಿಲಿನ ಕ್ರಮ ಸರಿಮಾಡಿಬಿಡಿ. ಬಾಗಿಲು ತೆರೆದಿಡಬೇಡಿ, ಅಲ್ಲಿರೋರು ಈ ಕಡೆಗೂ ಬರ್ತಾರೆ."

ಸರಿಮಾಡಿದರೆ ಬಾಗಿಲು ಹೊಸ ಶಾಲೆಗೆ ತೆರೆಯುತ್ತದೆ. ಮಗಳು ಹೋದ ದಾರಿ ಉಳಿದಿರುವುದು ಈ ತಪ್ಪಿನಲ್ಲಿ ಮಾತ್ರ.

ವನಮಾಲಾ ಒಲೆ ಆರಿಸಿದಳು. ಬಾಗಿಲ ಮುಂದೆ ನಿಂತು, ಮಗಳಷ್ಟೇ ಗಟ್ಟಿಯಾಗಿ, "ಶಾಲೆ" ಎಂದಳು. ಅದು ತಕ್ಷಣ ತೆರೆಯಿತು. ಆಚೆ ಬೆಳಕಿರಲಿಲ್ಲ. ಬಾಗಿಲು ಮುಚ್ಚಿಕೊಳ್ಳದಂತೆ ರುಬ್ಬುಗುಂಡನ್ನು ಅಡ್ಡವಿಟ್ಟು, ಅವಳು ಕತ್ತಲೆಯೊಳಗೆ ಕಾಲಿಟ್ಟಳು.